ರಂಗೂನ್ ರಾಯರ ಬಿಸಿ ಅಂಗೈ

ರಂಗೂನ್ ರಾಯರು ಯಾವುದನ್ನೇ ನಂಬುವ ಮೊದಲು ನೆಕ್ಕಿ ನೋಡುತ್ತಿದ್ದರು. ಇದು ಉತ್ಪ್ರೇಕ್ಷೆಯಲ್ಲ, ಅವರ ಹೊಟ್ಟೆಪಾಡು. ಮದರಾಸು ಬಂದರಿನಲ್ಲಿ ಹಡಗಿನಿಂದ ಇಳಿದ ಸರಕು ನೆನೆದು ಹಾಳಾಗಿದ್ದರೆ, ಅದು ಹೇಗೆ ಹಾಳಾಯಿತೆಂದು ಪರೀಕ್ಷಿಸಿ ವಿಮಾ ಕಂಪನಿಗೆ ತಿಳಿಸುವುದು ಅವರ ಕೆಲಸ. ಮೂಟೆಗೆ ತಾಗಿದ್ದು ಸಮುದ್ರದ ನೀರೋ, ಗೋದಾಮಿನ ಮಾಡು ಸೋರಿ ಬಿದ್ದ ಮಳೆ ನೀರೋ? ಅದಕ್ಕೆಂದೇ ಅವರ ಚೀಲದಲ್ಲಿ ಒಂದು ಕಂದು ಸೀಸೆ ಇರುತ್ತಿತ್ತು. ಅದರಿಂದ ಒಂದು ತೊಟ್ಟು ಬಿಟ್ಟರೆ ಉಪ್ಪುನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಆದರೂ ರಾಯರು ಮೊದಲು ಗೋಣಿಯ ಒಂದು ಎಳೆ ಕಿತ್ತು ನಾಲಿಗೆಗೆ ತಾಗಿಸುತ್ತಿದ್ದರು. ನಮ್ಮ ಮನೆಗೆ ಊಟಕ್ಕೆ ಬಂದರೂ ಅದೇ ಚಾಳಿ. ಸಾರನ್ನು ಬೆರಳ ತುದಿಯಲ್ಲಿ ನೆಕ್ಕಿ, ಕಣ್ಣು ಮುಚ್ಚಿ, ಯೋಚಿಸಿ, ಆಮೇಲೆ ಅನ್ನಕ್ಕೆ ಹಾಕಿಸಿಕೊಳ್ಳುವುದು.

"ನನ್ನ ಸಾರೇನು ಹಡಗಿನಿಂದ ಇಳೀತಾ ರಾಯರೇ?" ಎಂದು ಅಮ್ಮ ಸೌಟು ಹಿಡಿದೇ ಕೇಳುತ್ತಿದ್ದಳು.

ವೆಸ್ಟ್ ಮಾಂಬಲಂನ ಓಣಿಯೊಂದರ ಬಾಡಿಗೆ ಮನೆಯಲ್ಲಿ ಕೆಳಗಡೆ ನಾನು ಮತ್ತು ಅಮ್ಮ, ಮಹಡಿಯ ಒಂಟಿ ಕೋಣೆಯಲ್ಲಿ ರಾಯರು. ಮೂಲ ಉಡುಪಿ ಕಡೆಯವರು. ಚಿಕ್ಕಂದಿನಲ್ಲೇ ಅಪ್ಪನ ಜೊತೆ ಬರ್ಮಾಕ್ಕೆ ಹೋಗಿ, ಅಲ್ಲೇ ಬೆಳೆದು, ಅಲ್ಲಿಂದ ಭಾರತೀಯರನ್ನೆಲ್ಲ ಹೊರಡಿಸಿದಾಗ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಮದರಾಸಿನಲ್ಲಿ ಇಳಿದವರು. ಮದುವೆಯಾಗಲಿಲ್ಲ. ಪೆಟ್ಟಿಗೆಯಲ್ಲಿ ಏನಿತ್ತೋ ನಾನು ಕಾಣೆ, ಆದರೆ ಎರಡು ವಿದ್ಯೆಗಳನ್ನು ಮಾತ್ರ ರಂಗೂನಿನಿಂದ ತಂದಿದ್ದರು. ಒಂದು, ಅಲ್ಲಿನ ಬೌದ್ಧ ವಿಹಾರದಲ್ಲಿ ಕಲಿತ ಧ್ಯಾನ. ಇನ್ನೊಂದು, ಪಕ್ಕದ ಮನೆಯ ಚೀನೀ ಬಡಗಿ ಹೇಳಿಕೊಟ್ಟ ಚಿ-ಗಾಂಗ್ ಎಂಬ ಉಸಿರಿನ ಸಾಧನೆ. ಬೆಳಗಾದರೆ ಬನಿಯನ್, ಪಟ್ಟೆ ಚಡ್ಡಿಯಲ್ಲಿ ತಾರಸಿಯ ಮೇಲೆ ನಿಂತು, ಕಾಣದ ಕುಂಬಳಕಾಯಿಯೊಂದನ್ನು ತಬ್ಬಿಕೊಂಡವರಂತೆ ತೋಳುಗಳನ್ನು ನಿಧಾನಕ್ಕೆ ಏರಿಸಿ ಇಳಿಸುತ್ತಿದ್ದರು. "ಪಾಪ, ಒಂಟಿ ಜೀವ, ತಲೆ ಸ್ವಲ್ಪ ಆ ಕಡೆ ಈ ಕಡೆ ಆಗಿದೆ" ಎಂದು ಅಮ್ಮ ಮೊದಲ ವಾರವೇ ತೀರ್ಪು ಕೊಟ್ಟಿದ್ದಳು.

ಅವು ಎಪ್ಪತ್ತರ ದಶಕದ ನಡುವಿನ ವರ್ಷಗಳು. ಅಪ್ಪ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ನಾನು ಬ್ಯಾಂಕಿಗೆ ಹೋಗಿ ಬರುತ್ತಿದ್ದೆ, ಆದರೆ ಬಸ್ಸಿನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಎದೆ ಬಿಗಿದು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇದನ್ನು ಕೇಳಿ ರಾಯರು, "ಭಾನುವಾರ ಬಾ ಮಾರಾಯ್ತಿ, ಬೀಚಿನಲ್ಲಿ ಕೂರುವಾ. ಉಸಿರು ಎಲ್ಲಿ ಸಿಕ್ಕಿಕೊಳ್ತದೆ ಅಂತ ನೀನೇ ನೋಡು" ಎಂದರು. ಬೆಸೆಂಟ್ ನಗರದ ಮರಳಿನ ಮೇಲೆ ವಾರವಾರವೂ ಕೂತೆ. ಉಸಿರು ನೋಡು ಎಂದರೆ ನನಗೆ ಕಾಣುತ್ತಿದ್ದದ್ದು ಮೀನಿನ ವಾಸನೆ, ಕಾಲು ಜೋಮು, ಮನೆಯಲ್ಲಿ ನೆನೆಹಾಕಿ ಬಂದ ಬಟ್ಟೆ. ಒಂದು ದಿನ ಮಾತ್ರ ಅದೇನಾಯಿತೋ! ಅಂಗೈ ಎರಡೂ ಬೆಚ್ಚಗಾದವು. ಕೈ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಯಿತು. ಅಪ್ಪನ ಸಾವಿನ ದಿನ ಬಾರದ ಅಳು ಅಲ್ಲಿ ಧಾರಾಕಾರ ಬಂತು.

ಕಣ್ಣು ಬಿಟ್ಟು ಎಲ್ಲವನ್ನೂ ಹೇಳಿದೆ. ರಾಯರು ತಲೆ ಸವರುತ್ತಾರೆ, ಮೆಚ್ಚುತ್ತಾರೆ ಎಂದುಕೊಂಡಿದ್ದೆ.

"ಬೆಳಿಗ್ಗೆ ಎಂಥ ತಿಂದಿದ್ದೆ?" ಎಂದು ಕೇಳಿದರು.

"ಏನೂ ಇಲ್ಲ ಮಾಮ."

"ನಿನ್ನೆ ನಿದ್ದೆ ಆಗಿತ್ತಾ? ಅಂಗೈ ಬಿಸಿಲಿನ ಕಡೆಗಿತ್ತಾ, ನೆರಳಿನ ಕಡೆಗಿತ್ತಾ?"

ನನಗೆ ಮೈಯೆಲ್ಲ ಉರಿಯಿತು. ನಾನೇನು ನೆನೆದ ಮೂಟೆಯೇ? "ನಿಮಗೇ ನಂಬಿಕೆ ಇಲ್ಲದ್ದನ್ನ ಇನ್ನೊಬ್ಬರಿಗೆ ಯಾಕೆ ಕಲಿಸ್ತೀರ?" ಎಂದು ಕೂಗಾಡಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ನಂಬಿಕೆ ಬೇರೆ, ಆದದ್ದು ಬೇರೆ ಮಾರಾಯ್ತಿ. ನಿನಗೆ ಆದದ್ದು ಉಂಟು, ಅದನ್ನು ಇಲ್ಲ ಅಂತ ಯಾರಿಗೂ ಹೇಳಬೇಡ. ಆದರೆ ಅದಕ್ಕೆ ಹೆಸರಿಡ್ಲಿಕ್ಕೆ ಅವಸರ ಮಾಡಬೇಡ. ನಾನು ಇಷ್ಟು ವರ್ಷ ಕೂತಿದ್ದೇನೆ, ನನಗೇ ಗೊತ್ತಿಲ್ಲ" ಎಂದರು. ಆಮೇಲೆ ಬಸ್ಸಿನಲ್ಲಿ ನನ್ನ ಎದೆ ಬಿಗಿಯುವುದು ಕಡಿಮೆಯಾಯಿತು. ಧ್ಯಾನದಿಂದಲೋ, ಅತ್ತದ್ದರಿಂದಲೋ, ಕಾಲ ಸರಿದದ್ದರಿಂದಲೋ, ದೇವರಾಣೆ ನನಗೆ ತಿಳಿಯದು.

ಅಷ್ಟರಲ್ಲಿ ಅಮ್ಮನ ಬಲಭುಜ ಹಿಡಿದುಕೊಂಡಿತು. ತಲೆ ಬಾಚಲು ಕೈ ಏರದು, ಗೂಡಿನ ಮೇಲಿನ ಡಬ್ಬ ಎಟುಕದು. ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಅಮ್ಮನ ಹತ್ತಿರ ತಾಳ್ಮೆ ಎಲ್ಲಿಂದ ಬರಬೇಕು! ಒಂದು ಸಂಜೆ ಅವಳ ನರಳಾಟ ಕೇಳಲಾರದೆ ರಾಯರು, "ಚೀನದವ ಒಂದು ಕ್ರಮ ಹೇಳಿಕೊಟ್ಟಿದ್ದ. ಮಾಡಿ ನೋಡುವಾ ಲಲಿತಕ್ಕ, ಹಾಳಂತೂ ಆಗ್ಲಿಕ್ಕಿಲ್ಲ" ಎಂದರು. ಅಮ್ಮನನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿ, ಹಿಂದೆ ತಾವು ಕೂತು, ಭುಜಕ್ಕೆ ತಾಗದಂತೆ ಅಂಗೈ ಹಿಡಿದರು. ಸ್ವಲ್ಪ ಹೊತ್ತಿಗೆ ಅಮ್ಮ, "ಏನೇ ಇದು, ಸೂಡು ಬರ್ತಾ ಇದೆ!" ಎಂದಳು. ಬಿಸಿ ಎನ್ನುವುದಕ್ಕೆ ತಮಿಳಿನ ಸೂಡೇ ಅವಳ ಬಾಯಿಗೆ ಬರುತ್ತಿತ್ತು. ದಿನಾ ಸಂಜೆ ಇದು ನಡೆದು, ತಿಂಗಳೊಳಗೆ ಅಮ್ಮ ತನ್ನ ಜಡೆಯನ್ನು ತಾನೇ ಹಾಕಿಕೊಂಡಳು. ನಾನು ಕುಣಿದಾಡಿದೆ. ಓಣಿಗೆಲ್ಲ ಸುದ್ದಿಯಾಯಿತು. ರಾಯರೊಬ್ಬರೇ ಸಪ್ಪಗಿದ್ದರು.

ನನ್ನ ಕುಣಿತವೂ ಬಹಳ ದಿನ ನಡೆಯಲಿಲ್ಲ. ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗಳ ಪೊಟ್ಟಣ ಸಿಕ್ಕಿತು, ಒಡೆಯದೆ. ಅವಳ ಹಿಮ್ಮಡಿಯಲ್ಲಿ ಆಗಿದ್ದ ಸಣ್ಣ ಗಾಯವೊಂದು ವಾರಗಳಾದರೂ ಯಾಕೆ ಮಾಯುತ್ತಿಲ್ಲವೆಂದು ಆಗ ಗೊತ್ತಾಯಿತು. ಕೇಳಿದರೆ, "ರಾಯರ ಕೈ ಇರೋವಾಗ ಈ ಕಹಿ ಯಾಕೆ? ಭುಜ ಸರಿ ಮಾಡಿದ ಕೈ ಸಕ್ಕರೆ ಸರಿ ಮಾಡಲ್ವಾ?" ಎಂದಳು. ಬೈದೆ, ಅತ್ತೆ, ಉಪವಾಸ ಮಾಡಿದೆ. ಊಹೂಂ. ಕೊನೆಗೆ ಮಹಡಿ ಹತ್ತಿ ರಾಯರಿಗೆ ಹೇಳಿದೆ. ಅವರು, "ಪರೀಕ್ಷೆ ಮಾಡದೆ ಆಗ್ಲಿಕ್ಕಿಲ್ಲ" ಎಂದರು.

ಪರೀಕ್ಷೆ ಇಷ್ಟೇ. ಸಂಜೆ ಎಂದಿನಂತೆ ಬಂದು, ಅಮ್ಮನ ಹಿಂದೆ ಕೂತು, ಉಸಿರೆಳೆದು, ಆಮೇಲೆ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿಬಿಡುವುದು. ನಾನು ಸಾಕ್ಷಿ. ರಾಯರು ಹೋಗಿ ಒರಳುಕಲ್ಲಿನ ಪಕ್ಕ ಕಣ್ಣು ಮುಚ್ಚಿ ಕೂತರು. ಇತ್ತ ಅಮ್ಮನ ಹಿಂದೆ ಬರಿಯ ಚಾಪೆ.

"ಅಮ್ಮ, ಬಿಸಿ ಬರ್ತಿದೆಯಾ?"

"ಇವತ್ತು ಭಾರಿ ಜೋರಾಗಿದೆ ಕಣೇ" ಎಂದು ಅಮ್ಮ ಕೈಯನ್ನು ಕಿವಿಯ ಪಕ್ಕಕ್ಕೆ ನೆಟ್ಟಗೆ ಎತ್ತಿದಳು. ಅಷ್ಟು ಎತ್ತರ ಅದು ಹಿಂದೆಂದೂ ಹೋಗಿರಲಿಲ್ಲ.

ಮರುದಿನ ರಾಯರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಅಮ್ಮನ ಮುಖ ನೋಡಲಾಗಲಿಲ್ಲ.

"ಹಾಗಾದ್ರೆ ನಾನು ಇಷ್ಟು ದಿನ ನಾಟಕ ಆಡ್ತಿದ್ನಾ ರಾಯರೇ?"

"ಅಲ್ಲ ಲಲಿತಕ್ಕ. ನೋವು ಹೋದದ್ದು ಉಂಟು. ನನ್ನ ಕೈಯಿಂದ ಹೋದದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ. ದಮ್ಮಯ್ಯ, ಮಾತ್ರೆ ತೆಕ್ಕೊಳ್ಳಿ."

ಅಮ್ಮ ಮಾತ್ರೆ ತೆಗೆದುಕೊಂಡಳು, ಅವರ ಎದುರಿಗೇ, ಅವರ ಮೇಲಿನ ಸಿಟ್ಟನ್ನು ನುಂಗುವವಳಂತೆ. ಕಾಲಿನ ಗಾಯ ಮಾಯಿತು. ಆದರೆ ಹತ್ತು ಹದಿನೈದು ದಿನಗಳಲ್ಲಿ ಭುಜ ಮತ್ತೆ ಹಿಡಿದುಕೊಂಡಿತು, ಮೊದಲಿಗಿಂತ ಗಟ್ಟಿಯಾಗಿ. ಅವಳ ತಲೆ ಬಾಚುವ ಕೆಲಸ ಮತ್ತೆ ನನ್ನದಾಯಿತು. ಬಾಚುವಾಗೆಲ್ಲ ನನಗೆ ರಾಯರ ಮೇಲೆ ಕೋಪ ಬರುತ್ತಿತ್ತು, ಕೋಪ ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ನಿಜ ಹೇಳಿ ಕಾಲು ಉಳಿಸಿದರು, ಸರಿ. ಆದರೆ ಬಿಸಿ ಬರಿಯ ಭ್ರಮೆಯಾದರೆ ಎದ್ದ ಕೈ ನಿಜವಲ್ಲವೇ? ಅಮ್ಮನದ್ದು ಭ್ರಮೆಯಾದರೆ ಬೀಚಿನಲ್ಲಿ ನನಗಾದದ್ದು ಏನು? ಒಮ್ಮೆ ಹೀಗೆನಿಸುತ್ತಿತ್ತು, ಒಮ್ಮೆ ಹಾಗೆ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ರಾಯರು ಮಾತ್ರ ತಾರಸಿಯಲ್ಲಿ ಕುಂಬಳಕಾಯಿ ತಬ್ಬುವುದನ್ನು ಒಂದು ದಿನವೂ ಬಿಡಲಿಲ್ಲ. ಅಮ್ಮ ಅವರನ್ನು ಊಟಕ್ಕೆ ಕರೆಯುವುದನ್ನು ಬಿಟ್ಟಳು, ಮಾತೂ ಬಿಟ್ಟಳು. ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮಾಧವರಂನಲ್ಲಿದ್ದ ಅಣ್ಣನ ಮಗನ ಮನೆಗೆ ಹೊರಟಾಗಲೂ ಅವಳು ಬಾಗಿಲಿಗೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಒಂದು ದಿನ, ರಾಯರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಹುಣ್ಣಾಗಿದೆ, ಉಳಿಯುವ ಆಸೆ ಇಲ್ಲ ಎಂದು ಸುದ್ದಿ ಬಂತು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಮ್ಮ ಸೀರೆ ಬದಲಿಸಿ ನಿಂತಿದ್ದಳು. ಎರಡು ಬಸ್ಸು ಬದಲಾಯಿಸಿ ಹಾಲಿನ ಡೇರಿಯ ಹತ್ತಿರ ಇಳಿದು ಮನೆ ಹುಡುಕಿದೆವು.

ರಾಯರು ಒಣಗಿ ಕಡ್ಡಿಯಾಗಿದ್ದರು. "ನೋವನ್ನು ನೋಡ್ತಾ ಕೂರ್ತೇನೆ" ಎಂದು ನನಗೆ ಹೇಳಿದರು. "ಕಡಿಮೆಯೂ ಆಗ್ತದೆ. ಆದರೆ ಡಾಕ್ಟರು ನೋವಿನ ಸೂಜಿಯನ್ನೂ ಚುಚ್ಚುತ್ತಾರಲ್ಲ. ಯಾವುದರಿಂದ ಅಂತ ಗೊತ್ತಾಗುದಿಲ್ಲ ಮಾರಾಯ್ತಿ." ಆಮೇಲೆ ಅಮ್ಮನ ಕಡೆ ತಿರುಗಿದರು. "ಲಲಿತಕ್ಕ, ಒಂದು ಮಾತು ಬಾಕಿ ಉಂಟು. ಆ ದಿನ ಅಡುಗೆಮನೆಯಲ್ಲಿ ನಾನು ಸುಮ್ಮನೆ ಕೂತದ್ದಲ್ಲ. ಸುಮ್ಮನಿರ್ಲಿಕ್ಕೆ ಬಹಳ ನೋಡಿದೆ, ಆಗ್ಲಿಲ್ಲ. ಅಕ್ಕನ ಕೈ ಏಳಲಿ, ಏಳಲಿ ಅಂತಲೇ ಮನಸ್ಸು ಹೇಳ್ತಿತ್ತು. ನನ್ನ ಅಂಗೈ ಅಷ್ಟು ಬಿಸಿ ಯಾವತ್ತೂ ಆಗಿರಲಿಲ್ಲ. ಹಾಗಾಗಿ ಅದು ಪರೀಕ್ಷೆಯೇ ಅಲ್ಲ. ಕೈ ತಾನೇ ಎದ್ದದ್ದಾ, ನಾನು ಎಬ್ಬಿಸಿದ್ದಾ, ಎಂಥದೂ ಗೊತ್ತಿಲ್ಲ."

ಅಮ್ಮ ಮಂಚದ ಅಂಚು ಹಿಡಿದುಕೊಂಡಳು. "ಅಯ್ಯೋ ರಾಮಾ! ಆವತ್ತೇ ಹೇಳೋಕೆ ಏನಾಗಿತ್ತು ನಿಮಗೆ? ನಾನು ನಾಟಕದೋಳು, ನಾಟಕದೋಳು ಅಂತ ಇಷ್ಟು ವರ್ಷ ನನ್ನನ್ನೇ ಬೈಕೊಂಡಿದ್ನಲ್ಲ!"

"ಹೇಳಿದ್ರೆ ನೀವು ಮಾತ್ರೆ ಬಿಡ್ತಿದ್ರಿ."

ನಾವು ಅವರನ್ನು ನೋಡಿದ್ದು ಅದೇ ಕೊನೆ. ಹೊರಡುವ ಮೊದಲು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗೊರೆಸಿಕೊಂಡು, ಮೆಲ್ಲಗೆ ಹೇಳಿದಳು: "ಬೆಳಗ್ಗಿನ ಮಾತ್ರೆ ನುಂಗೇ ಬಂದಿದ್ದೀನಿ ರಾಯರೇ."