ನರ್ಸಮ್ಮನ ಹಿಡಿಯಕ್ಕಿ

ಕಳೆದ ತಿಂಗಳು ಬಂಗಾರಪೇಟೆಯ ದಿನಸಿ ಅಂಗಡಿಯೊಂದರಲ್ಲಿ ಬೆಲ್ಲಕ್ಕಾಗಿ ನಿಂತಿದ್ದೆ. ಅಂಗಡಿಯಾತ ಕುಸುಬಲಕ್ಕಿಯ ಮೂಟೆಯೊಂದರ ಬಾಯಿ ಬಿಚ್ಚಿದ. ಬೇಯಿಸಿ ಒಣಗಿಸಿದ ಭತ್ತದ ವಾಸನೆ, ಒಂದಿಷ್ಟು ಹುಳಿ, ಒಂದಿಷ್ಟು ಗೋಣಿಯ ಧೂಳು, ಒಟ್ಟಿಗೆ ಮೂಗಿಗೆ ಬಡಿಯಿತು. ಬೆಲ್ಲ ತೂಗಿಸಿಕೊಳ್ಳುವುದನ್ನು ಬಿಟ್ಟು ನಾನು ಸುಮ್ಮನೆ ನಿಂತುಬಿಟ್ಟೆ. ಅರವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಮಂಡಿಯಲ್ಲಿ ಇಂಥದೇ ಮೂಟೆಯೊಂದನ್ನು ಬಿಚ್ಚಿದ್ದರು. ಆ ದಿನ ನನ್ನ ಪಕ್ಕದ ಮನೆಯ ನರ್ಸಮ್ಮನ ಪ್ರಯಾಣ ನಿಂತುಹೋಯಿತು ಎಂದು ಅಲ್ಲಿದ್ದವರೆಲ್ಲ ತಿಳಿದರು.

ಅವರು ಉರಿಗಾಂನ ಚಿನ್ನದ ಗಣಿ ಕಾರ್ಮಿಕರೊಬ್ಬರ ಮಗಳು. ಹೆರಿಗೆಯ ಕೆಲಸ ಕಲಿತು, ಮದುವೆಯಾಗದೆ ಕ್ರೈಸ್ತ ಮಿಷನ್ನಿನ ಸೇವೆಗೆ ಸೇರಿ, ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಿಗೆ ಬಂದವರು. ಬೆಳಿಗ್ಗೆ ಕಪ್ಪು ಚೀಲವೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟರೆ ಸಂಜೆಗೆ ಮರಳುತ್ತಿದ್ದರು. ಧರ್ಮದ ಮಾತು ಕೇಳಿದವರಿಗೆ ಹೇಳುತ್ತಿದ್ದರು, ಕೇಳದವರ ಮನೆಯಲ್ಲಿ ನೀರು ಕಾಯಿಸಿ ಮಗು ತೆಗೆದು ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ನರ್ಸಮ್ಮ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಗಣಿ ಪ್ರದೇಶದ ಸುದ್ದಿ ಕಳಿಸುತ್ತಿದ್ದೆ. ಒಂದು ದಿನ ನರ್ಸಮ್ಮ ತಾವಾಗಿಯೇ ಬಂದು ಸುದ್ದಿ ಹೇಳಿದರು. ಮಲಯಾ ದೇಶದ ರಬ್ಬರ್ ತೋಟಗಳ ನಡುವೆ ಹೊಸ ಹೆರಿಗೆ ಆಸ್ಪತ್ರೆ ತೆರೆಯುತ್ತಿದೆ. ತೋಟದ ಕೂಲಿಗಳಲ್ಲಿ ತಮಿಳರು, ತೆಲುಗರೇ ಹೆಚ್ಚು. ಎರಡೂ ಭಾಷೆ ಬಲ್ಲ ನರ್ಸು ಬೇಕು. ಮದರಾಸಿನ ಮಿಷನ್ ಮಂಡಳಿ ಅವರನ್ನು ಆರಿಸಿತ್ತು. ಒಂದೇ ಷರತ್ತು. ಹಡಗಿನ ಖರ್ಚು ಮಂಡಳಿಯದು, ಮೊದಲ ವರ್ಷದ ಊಟ ವಸತಿ ಅವರನ್ನು ಕಳಿಸುವ ಸಭೆಯದು, ಎಂದರೆ ಅವರ ಊರಿನ ಕ್ರೈಸ್ತ ಭಕ್ತರ ಕೂಟದ್ದು. ಸಭೆ ಹೊರಲಾರೆನೆಂದರೆ ಮದರಾಸಿನ ಯಾವುದಾದರೂ ಅನುಕೂಲಸ್ಥ ಸಭೆಯಿಂದ ಬೇರೊಬ್ಬರು ಹೋಗುತ್ತಾರೆ.

ಅವರ ಸಭೆ ಉರಿಗಾಂನದು. ಗಣಿಯೊಳಗೆ ಇಳಿಯುವವರು, ಇಳಿದು ಎದೆ ಕೆಟ್ಟು ಮನೆಯಲ್ಲಿ ಕುಳಿತವರು, ಅವರ ಹೆಂಗಸರು. ಸುರಂಗ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಸಭೆಯನ್ನು ನಡೆಸುತ್ತಿದ್ದರು. ಅವರು ನನಗೆ ಹೇಳಿದ ಮಾತು ಟಿಪ್ಪಣಿ ಪುಸ್ತಕದಲ್ಲಿತ್ತು: "ನಮ್ಮ ಅಜ್ಜಂದಿರ ಕಾಲ್ದಾಗೆ ಬಿಳೀ ಜನ ಬಂದು ಆಸ್ಪತ್ರೆ ಕಟ್ಟಿದ್ರು. ಅವ್ರನ್ನ ಕಳ್ಸಿದ್ದು ಅವ್ರೂರಿನ ಬಡವ್ರು. ಈಗ ನಮ್ ಸರದಿ. ಒಬ್ಬಳನ್ನ ಕಳ್ಸಕ್ಕಾಗ್ದೆ ಓದ್ರೆ ನಾವು ಬರೀ ತಗಳೋ ಜನ ಅಂತಾಯ್ತದೆ."

ಹಣ ಕೂಡಿಸಲು ಸಭೆ ಹಿಡಿಯಕ್ಕಿಯನ್ನು ಆರಿಸಿಕೊಂಡಿತು. ಅದು ಅಲ್ಲಿನ ಹಳೆಯ ಪದ್ಧತಿ. ಒಲೆಯ ಮೇಲೆ ಎಸರಿಟ್ಟು ಅಕ್ಕಿ ತೊಳೆಯುವ ಮೊದಲು ಹೆಂಗಸು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಬೇಕು. ಭಾನುವಾರ ಆ ಮಡಕೆ ಪ್ರಾರ್ಥನೆಗೆಂದು ಸಭೆ ಸೇರುವ ದೇವಾಲಯಕ್ಕೆ ಹೋಗುತ್ತದೆ. ಬಿದ್ದದ್ದನ್ನೆಲ್ಲ ಕೂಡಿಸಿ ಆರು ತಿಂಗಳಿಗೊಮ್ಮೆ ಮಾರುತ್ತಾರೆ.

ಇದನ್ನು ಕೇಳಲು ನರ್ಸಮ್ಮ ಸಾಲುಮನೆಗಳಿಗೆ ತಾವೇ ಹೋಗಬೇಕಾಗಿತ್ತು. ಒಂದು ಸಂಜೆ ನಾನೂ ಜೊತೆಗಿದ್ದೆ. ಭಾಷಣ ಅವರಿಗೆ ಬರುತ್ತಿರಲಿಲ್ಲ. ನಲ್ಲಿಯ ಬಳಿ ನಿಂತು, ಕೊಡ ಹಿಡಿದವರಿಗೆ ಮಲಯಾ ಎಲ್ಲಿದೆ ಎಂದು ಕೈಯಲ್ಲೇ ತೋರಿಸಿದರು.

"ಅಲ್ಲಕ್ಕಾ, ಇಲ್ಲಿ ಮಕ್ಳನ್ನ ಎರೋರು ಮುಗುದ್ರಾ? ಸಮುದ್ರ ದಾಟಿ ಓಗ್ಬೇಕಾ?" ಎಂದು ಒಬ್ಬಾಕೆ ಕೊಡ ಇಳಿಸಿ ಕೇಳಿದಳು.

"ನೀನು ಮೊದ್ಲು ನಿಲ್ಸು, ಆಮೇಲೆ ಓಯ್ತೀನಿ. ಆರಾಯ್ತಲ್ಲೇ ನಿಂದು."

ನಲ್ಲಿಯ ಸುತ್ತ ನಗು ಎದ್ದಿತು. ನರ್ಸಮ್ಮ ನಗಲಿಲ್ಲ. "ಇಡಿಯಕ್ಕಿ ಅಂದ್ರೆ ನಿನ್ ಕೈ ತುಂಬ ಒಂದ್ ಇಡಿ. ಕೂಸಿನ್ ಕೈಲಿ ತೆಗೆಸ್ಬ್ಯಾಡ," ಎಂದು ಹೇಳಿ ಮುಂದಿನ ಸಾಲಿಗೆ ನಡೆದರು.

ಆರು ತಿಂಗಳು ಮಡಕೆಗಳು ತುಂಬಿದವು. ಜ್ವರದ ಮನೆಯಿಂದ, ಕೆಲಸ ತಪ್ಪಿದ ಮನೆಯಿಂದಲೂ ಮಡಕೆ ಬಂದದ್ದನ್ನು ಕಂಡಿದ್ದೇನೆ. ನರ್ಸಮ್ಮ ತಗಡಿನ ಪೆಟ್ಟಿಗೆಯೊಂದನ್ನು ಕೊಂಡು, ಅದರ ಮೇಲೆ ಬಿಳಿ ಬಣ್ಣದಲ್ಲಿ ತಮ್ಮ ಹೆಸರನ್ನೂ ಇಳಿಯಬೇಕಾದ ಬಂದರಿನ ಹೆಸರನ್ನೂ ಬರೆಸಿದರು.

ಅಷ್ಟರಲ್ಲಿ ನನ್ನ ಮನೆಯ ಸಂಗತಿಯೊಂದು ಇದರೊಳಗೆ ಸೇರಿಕೊಂಡಿತ್ತು. ನನ್ನ ಹೆಂಡತಿಗೆ ಏಳು ತಿಂಗಳಾಗಿತ್ತು. ಹಿಂದಿನ ಸಲ ತವರಿನಲ್ಲಿ ಹೆರಿಗೆಯಾಗಿ ಮಗು ಉಳಿದಿರಲಿಲ್ಲ. ಅವಳನ್ನಾದರೂ ಉಳಿಸಿಕೊಟ್ಟದ್ದು ಆಮೇಲೆ ಬಂದ ನರ್ಸಮ್ಮ. ಈ ಸಲ ಅವರ ಕೈಯಲ್ಲೇ ಆಗಬೇಕೆಂದು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ಹಡಗಿನ ದಿನ ನೋಡಿದರೆ ಹೆರಿಗೆಗಿಂತ ಎರಡು ವಾರ ಮುಂಚೆ. ನರ್ಸಮ್ಮ ತಮ್ಮೊಡನೆ ಆರು ವರ್ಷ ಕೆಲಸ ಮಾಡಿದ್ದ ಹಳ್ಳಿಯ ಸೂಲಗಿತ್ತಿಯೊಬ್ಬಳನ್ನು ಕರೆತಂದು, "ಇವ್ಳ ಕೈ ನನ್ ಕೈಯೇ," ಎಂದಿದ್ದರು. ಹೆಂಡತಿ ತಲೆಯಾಡಿಸಿದಳು. ನಾನು ಆಡಿಸಲಿಲ್ಲ.

ಅಕ್ಕಿ ಮಂಡಿಗೆ ಬಂದ ದಿನ ನಾನು ಅಲ್ಲಿದ್ದದ್ದು ವಾರದ ಧಾರಣೆ ಬರೆದುಕೊಳ್ಳಲು. ಸಭೆಯ ಹಿರಿಯರು ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ತಂದಿದ್ದರು. ವ್ಯಾಪಾರಿ ಒಂದನ್ನು ಬಿಚ್ಚಿ, ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಹರಡಿದ. ಮತ್ತೊಂದನ್ನು ಬಿಚ್ಚಿದ. ಮೂರನೆಯದನ್ನೂ.

"ಹಿರಿಯರೇ, ಇದ್ಯಾವ ಅಕ್ಕಿ?"

"ದೇವ್ರಕ್ಕಿ."

"ದೇವ್ರುದು ಸರಿ. ಬೇಯಿಸ್ಕಂಡ್ ತಿನ್ನೋರು ಮನುಸ್ರಲ್ವಾ?"

ತಮಿಳರ ಮನೆಗಳ ದಪ್ಪ ಕುಸುಬಲಕ್ಕಿ, ತೆಲುಗರ ಮತ್ತು ನಮ್ಮವರ ಮನೆಗಳ ಬಿಳಿ ಅಕ್ಕಿ, ಎರಡೂ ಪ್ರತಿ ಮೂಟೆಯಲ್ಲೂ ಬೆರೆತುಹೋಗಿದ್ದವು. ಕುಸುಬಲಕ್ಕಿ ಬೇಯುವಷ್ಟರಲ್ಲಿ ಬಿಳಿಯದು ಅಂಬಲಿಯಾಗುತ್ತದೆ. ಬಿಳಿಯದು ಬೆಂದಾಗ ಇಳಿಸಿದರೆ ಕುಸುಬಲು ಕಲ್ಲು. ಅನ್ನಕ್ಕೆ ಬಾರದ ಅಕ್ಕಿಯನ್ನು ಕೊಳ್ಳುವವರಿಲ್ಲ ಎಂದು ವ್ಯಾಪಾರಿ ಮೂಟೆಯ ಬಾಯಿ ಕಟ್ಟಿದ. ಅವನದು ತಪ್ಪೇನೂ ಇರಲಿಲ್ಲ.

ಇದು ಅಜಾಗ್ರತೆಯಿಂದ ಆದದ್ದಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಹಿರಿಯರು ಬೇಕೆಂದೇ ಬೆರೆಸಿದ್ದರು. ಬೇರೆ ಬೇರೆ ಇಟ್ಟರೆ ಯಾವ ಮನೆಯದು ಒಳ್ಳೆಯ ಅಕ್ಕಿ, ಯಾವ ಮನೆಯದು ನುಚ್ಚು ಎಂದು ಭಾನುವಾರ ಭಾನುವಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬಾಕೆ ತನ್ನ ಮಡಕೆಯನ್ನು ಸೆರಗಿನಲ್ಲಿ ಮುಚ್ಚಿ ತಂದದ್ದನ್ನು ಕಂಡ ದಿನದಿಂದ ಅವರು ಪ್ರತಿ ಮಡಕೆಯನ್ನೂ ತಾವೇ ಒಂದೇ ರಾಶಿಗೆ ಸುರಿಯುತ್ತಿದ್ದರು. ಅರ್ಧ ಆಯುಷ್ಯ ನೆಲದ ಕೆಳಗೆ ಕಳೆದ ಮನುಷ್ಯ. ಅನ್ನ ಹೇಗೆ ಬೇಯುತ್ತದೆ ಎಂದು ಯೋಚಿಸಿರಲಿಲ್ಲ... ಹೆಂಗಸರಲ್ಲಿ ಕೆಲವರು ಮೆಲ್ಲಗೆ ಹೇಳಿದ್ದರಂತೆ. ಅವರ ಕಿವಿಗೆ ಹೋಗಿರಲಿಲ್ಲ.

ಖರ್ಚು ಹೊರುತ್ತೇವೆಂಬ ಸಭೆಯ ಪತ್ರ ಮದರಾಸಿಗೆ ತಲುಪಲು ಮೂರು ವಾರ ಉಳಿದಿತ್ತು. ಮಂಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತುಕೊಂಡರು. ಆ ಗಳಿಗೆಯಲ್ಲಿ ನನಗೆ ಆದದ್ದು ನೆಮ್ಮದಿ. ನರ್ಸಮ್ಮ ಇಲ್ಲೇ ಇರುತ್ತಾರೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಅಕ್ಕಿಯನ್ನು ಯಾರು ಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಸುದ್ದಿ ಹುಡುಕಿಕೊಂಡು ನಾನು ಉರಿಗಾಂ ಪಕ್ಕದ ನಂದಿದುರ್ಗ ಎಂಬ ಗಣಿಯ ಗೇಟಿಗೆ ಹೋಗುತ್ತಿದ್ದೆ. ಅಲ್ಲಿ ಇಡ್ಲಿ ಮಾರುವ ಒಬ್ಬಾಕೆಯ ಬಳಿ ತಿಂಡಿ ತಿನ್ನುತ್ತಿದ್ದೆ. ಎರಡು ಜಾತಿಯ ಅಕ್ಕಿ ಕೊಂಡು ಬೆರೆಸಬೇಕಲ್ಲ ಎಂದು ಆಕೆ ದಿನವೂ ಗೊಣಗುತ್ತಿದ್ದಳು. ಅಂಥ ಇಡ್ಲಿಯವರು ಗಣಿಯ ಗೇಟುಗಳುದ್ದಕ್ಕೂ ಇದ್ದರು. ಇಷ್ಟನ್ನು ಹಿರಿಯರಿಗೆ ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಜೋಳದ ಧಾರಣೆ ಬರೆದುಕೊಂಡು ಮನೆಗೆ ಹೋದೆ.

ಎಂಟು ದಿನ ಸುಮ್ಮನಿದ್ದೆ. ಉರಿಗಾಂನ ಹೆಂಗಸರು ದೇವಾಲಯದ ಜಗುಲಿಯಲ್ಲಿ ಮೊರ ಹಿಡಿದು ಕಾಳು ಕಾಳಾಗಿ ಎರಡು ಅಕ್ಕಿಯನ್ನೂ ಬೇರ್ಪಡಿಸಲು ಕುಳಿತಿದ್ದರು. ವಾರವಾದರೂ ಒಂದು ಮೂಟೆ ಮುಗಿದಿರಲಿಲ್ಲ. ಅದನ್ನೂ ಹೋಗಿ ನೋಡಿ ಬಂದೆ. ಬರೆಯಲಿಲ್ಲ.

ಎಂಟನೆಯ ದಿನ ಸಂಜೆ ನರ್ಸಮ್ಮ ನನ್ನ ಹೆಂಡತಿಯನ್ನು ಪರೀಕ್ಷಿಸಲು ಬಂದರು. ಹೊಟ್ಟೆಯ ಮೇಲೆ ಕೈಯಿಟ್ಟು, ಎಲ್ಲ ಸರಿಯಾಗಿದೆ ಎಂದರು. ಹಡಗಿನ ವಿಷಯ ಕೇಳಿದವಳು ನನ್ನ ಹೆಂಡತಿ.

"ಬ್ಯಾರೆಯವ್ರು ಓಗ್ತಾರೆ ಬಿಡು. ಆಸ್ಪತ್ರೆ ನಡೆದ್ರಾಯ್ತು," ಎಂದರು ನರ್ಸಮ್ಮ. ಆಮೇಲೆ, "ಪೆಟ್ಟಿಗೆ ಮ್ಯಾಲಿನ ಬಣ್ಣ ಸೀಮೆಎಣ್ಣೇಲಿ ಓಯ್ತದಾ?" ಎಂದು ನನ್ನನ್ನು ಕೇಳಿದರು.

ನಾನು ಗೊತ್ತಿಲ್ಲ ಎಂದೆ. ಅವರು ಕೈ ತೊಳೆದು, ಚೀಲ ಮುಚ್ಚಿ ಹೋದರು. ಅವರ ದನಿಯಲ್ಲಿ ದೂರಿರಲಿಲ್ಲ... ಇದ್ದಿದ್ದರೆ ನಾನು ಇನ್ನೂ ಕೆಲವು ದಿನ ತಡೆದುಕೊಳ್ಳುತ್ತಿದ್ದೆನೇನೋ.

ಬಾಗಿಲು ಹಾಕಿ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. "ಎಷ್ಟ್ ದಿನದಿಂದ ಗೊತ್ತು?"

ಹೇಳಿದೆ. ಅವಳು ಗೋಡೆಗೆ ಒರಗಿ ಕುಳಿತಳು. ಹೆದರಿಕೆ ಅವಳಿಗೂ ಇತ್ತು, ನನಗಿಂತ ಹೆಚ್ಚು ಇತ್ತು. ಹೆರಬೇಕಾದವಳು ಅವಳು. ಆಮೇಲೆ, "ನಾಳೆ ಮೊದ್ಲ ಗಾಡೀಗೆ ಓಗ್ರಿ. ಆ ಇಡ್ಲಿಯಮ್ಮಂಗೆ ಏಳಿ. ನನ್ ನೆಪದಲ್ಲಿ ಒಬ್ರನ್ನ ಕಟ್ಟಾಕ್ಬೇಡಿ," ಎಂದಳು.

ಬೆಳಗಿನ ರೈಲಿನಲ್ಲಿ ಉರಿಗಾಂಗೆ ಹೋಗಿ, ಹಿರಿಯರನ್ನು ಕರೆದುಕೊಂಡು, ಒಂದು ಚೀಲ ಅಕ್ಕಿ ಹೊತ್ತು ನಂದಿದುರ್ಗದ ಗೇಟು ತಲುಪಿದೆ. ಇಡ್ಲಿಯವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು.

"ಎನ್ನಾ ಪೇಪರಪ್ಪಾ, ನಾನು ದಿನಾ ಬೆರೆಸೋದನ್ನ ಇವ್ರು ಮೊದ್ಲೇ ಬೆರೆಸವ್ರಲ್ಲಾ. ಬರೀ ಕುಸುಬಲಾದ್ರೆ ಇಡ್ಲಿ ರಬ್ಬರು, ಬರೀ ಬಿಳೀದಾದ್ರೆ ಕಲ್ಲು. ಎಷ್ಟ್ ಮೂಟೆ ಐತೆ?"

ಹಿರಿಯರಿಗೆ ಇನ್ನೂ ಸಮಾಧಾನವಿರಲಿಲ್ಲ. "ದೇವ್ರಕ್ಕಿ ಓಗಿ ಇಡ್ಲಿ ಆಯ್ತದಲ್ಲಮ್ಮಾ," ಎಂದರು.

"ನಿಮ್ ಸಭೇಲಿ ಅರ್ಧ ಜನ ನನ್ ಇಡ್ಲಿ ತಿಂದೇ ಕೆಳಕ್ಕಿಳಿಯೋದು ತಾತಾ. ಸುಮ್ನೆ ಮೂಟೆ ಇಳ್ಸಿ."

ಆಕೆ ತನಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದಕ್ಕೆ ಬೇರೆ ಗೇಟುಗಳ ಇಡ್ಲಿಯವರಿಗೆ ಹೇಳಿ ಕಳಿಸಿದಳು. ಮೂರು ದಿನಗಳಲ್ಲಿ ಜಗುಲಿ ಖಾಲಿಯಾಯಿತು. ಮೊರಗಳು ಮನೆಗೆ ಹೋದವು. ಮಂಡಳಿಗೆ ಸಭೆಯ ಪತ್ರ ಬರೆದುಕೊಟ್ಟವನು ನಾನೇ. ಹಿರಿಯರು ಸಹಿ ಹಾಕಿ, ಶಾಯಿ ಒಣಗುವವರೆಗೆ ಊದುತ್ತ ಕುಳಿತಿದ್ದರು. ಪತ್ರ ಅವಧಿಯೊಳಗೇ ಮದರಾಸು ತಲುಪಿತು.

ನರ್ಸಮ್ಮನನ್ನು ಕಳಿಸಲು ಬಂಗಾರಪೇಟೆ ಸ್ಟೇಷನ್ನಿಗೆ ಉರಿಗಾಂನವರು ಬಂದಿದ್ದರು, ಹಳ್ಳಿಗಳ ಹೆಂಗಸರೂ ಬಂದಿದ್ದರು. ಅವರಲ್ಲಿ ಬಹಳ ಮಂದಿ ಅವರ ದೇವಾಲಯದೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಪ್ಲಾಟ್‌ಫಾರಂನಲ್ಲಿ ನರ್ಸಮ್ಮ ನನ್ನ ಹೆಂಡತಿಯ ಕೈ ಹಿಡಿದು ಏನೋ ಹೇಳಿದರು. ಮದರಾಸಿನ ಗಾಡಿ ಬಂದು ನಿಂತಾಗ ಕಿಟಕಿಯಿಂದ ನನ್ನ ಕಡೆ ಬಾಗಿದರು.

"ನಿಮ್ಮ ಪೇಪರು ಸುದ್ದೀನ ಎಂಟು ದಿನ ತಡವಾಗಿ ಕೊಡ್ತದಂತೆ."

ಹೆಂಡತಿ ಅವರಿಗೆ ಹೇಳಿಬಿಟ್ಟಿದ್ದಳು.

"ಕೊಡ್ತಲ್ಲ, ಸಾಕು," ಎಂದರು. "ಮಗು ಮಲಗಿದ್ ಮ್ಯಾಲೆ ನೀವೂ ಒಸಿ ಮಲಗಿ. ಗಂಡಸ್ರು ಬಾಗ್ಲಾಗೆ ನಿಂತ್ರೆ ಸೂಲಗಿತ್ತಿಗೆ ಗಾಳಿ ಬರಲ್ಲ."

ಹದಿನೇಳು ದಿನಗಳ ನಂತರ, ಒಂದು ಮಧ್ಯಾಹ್ನ, ನಮಗೆ ಮಗಳು ಹುಟ್ಟಿದಳು. ಸೂಲಗಿತ್ತಿಯ ಕೈ ನಿಜಕ್ಕೂ ನರ್ಸಮ್ಮನ ಕೈಯೇ. ಮಗುವಿನ ಅಳು ಕೇಳಿದಾಗ ನಾನು ಬೀದಿಯ ಆ ಬದಿಯಲ್ಲಿದ್ದೆ, ಬಾಗಿಲಲ್ಲಲ್ಲ. ಮಲಯಾಕ್ಕೆ ಬರೆದೆವು. ಒಂದೂವರೆ ತಿಂಗಳಿಗೆ ಉತ್ತರ ಬಂತು. ಆಸ್ಪತ್ರೆಗೆ ಛಾವಣಿ ಹಾಕಿದ್ದಾರೆ, ಇಲ್ಲಿ ಮಳೆ ಹೇಳದೆ ಕೇಳದೆ ಬರುತ್ತದೆ, ತೆಲುಗು ಹೆಂಗಸರು ನನ್ನ ತೆಲುಗು ಕೇಳಿ ನಗುತ್ತಾರೆ. ಆಮೇಲೆ ವರ್ಷಕ್ಕೊಂದು, ಎರಡು ವರ್ಷಕ್ಕೊಂದು... ಅರವತ್ತರ ದಶಕದ ನಡುವೆ ಅಲ್ಲಿನ ಜ್ವರವೊಂದರಲ್ಲಿ ಅವರು ತೀರಿಕೊಂಡರೆಂದು ಉರಿಗಾಂನ ಸಭೆಗೆ ಪತ್ರ ಬಂತು. ಅಲ್ಲಿಯೇ ಮಣ್ಣು ಮಾಡಿದ್ದರು. ನಾಲ್ಕು ಸಾಲಿನ ಸುದ್ದಿ ಬರೆದು ಅದೇ ದಿನ ಬೆಂಗಳೂರಿಗೆ ಕಳಿಸಿದೆ.

ಅವರಿದ್ದ ಮನೆಯನ್ನು ಕೆಡವಿ ಈಗ ಮೊಬೈಲ್ ರಿಪೇರಿ ಅಂಗಡಿ ಮಾಡಿದ್ದಾರೆ. ಹೆಂಡತಿಯೂ ಹೋಗಿ ಮೂರು ವರ್ಷವಾಯಿತು. ಕೆಲವೊಮ್ಮೆ ಲೆಕ್ಕ ಹಾಕುತ್ತೇನೆ. ಒಂಬತ್ತನೆಯ ದಿನವೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ನರ್ಸಮ್ಮ ಬಹುಶಃ ಇದೇ ಬೀದಿಯಲ್ಲಿ ಮುದುಕಿಯಾಗುತ್ತಿದ್ದರು. ನನ್ನ ಮಗಳನ್ನು ಎತ್ತಿ ಆಡಿಸುತ್ತಿದ್ದರು. ನಾನು ದಿನವೂ ಬೆಳಿಗ್ಗೆ ಎದ್ದು ಅವರ ಮುಖ ನೋಡಬೇಕಾಗುತ್ತಿತ್ತು.

ಅವರಿಲ್ಲದ ಬೀದಿಯಲ್ಲಿ ನಡೆಯುವುದು ಅದಕ್ಕಿಂತ ಹಗುರ.