ಪ್ರಾರ್ಥನೆಗೆ ಒಯ್ದ ತೆಂಗಿನಕಾಯಿ

ಆಗ ಸಿಂದಗಿಯ ನಮ್ಮ ಓಣಿಯಲ್ಲಿ ಚಳಿಗಾಲವೆಂದರೆ ಅರಳೆಯ ಕಾಲ. ಹತ್ತಿ ಮಿಲ್ಲಿನಿಂದ ಹಾರಿಬಂದ ಅರಳೆ ಕಿಟಕಿಯ ಸರಳಿಗೆ, ಒಣಹಾಕಿದ ಸೀರೆಗೆ, ಎಣ್ಣೆ ಹಚ್ಚಿದ ನಮ್ಮ ಜಡೆಗೆ ಅಂಟಿಕೊಳ್ಳುತ್ತಿತ್ತು. ಸಾಲೆ ಬಿಟ್ಟ ಮೇಲೆ ನಾನೂ ಸುಗಂಧಾಳೂ ಮಿಲ್ಲಿನ ಗೋಡೆಯ ಪಕ್ಕ ಕುಂಟಬಿಲ್ಲೆ ಆಡುತ್ತಿದ್ದೆವು. ಅವಳು ಗೆಲ್ಲುತ್ತಿದ್ದಳು, ನಾನು ಜಗಳ ತೆಗೆಯುತ್ತಿದ್ದೆ. ನಿಮಗೂ ಅಂಥ ಒಬ್ಬ ಗೆಳತಿ ಇದ್ದಿರಬೇಕು, ಜಗಳವಾಡದೆ ಮನೆಗೆ ಹೋದರೆ ರೊಟ್ಟಿ ಸೇರದಂಥವಳು.

ಸುಗಂಧಾಳ ಮನೆ ಮಿಲ್ಲಿನ ಹಿಂದಿನ ಹಮಾಲರ ಓಣಿಯಲ್ಲಿತ್ತು. ಅಲ್ಲಿಯ ಗಂಡಸರು ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವವರು, ಹೆಂಗಸರು ಹತ್ತಿ ಬಿಡಿಸಲು ಹೋಗುವವರು. ನಮ್ಮದು ಕಿರಾಣಿ ಅಂಗಡಿಯವರ ಮನೆ. ನಮ್ಮ ಜೋಳದ ಚೀಲ ಹೊತ್ತು ತರುತ್ತಿದ್ದವನು ಸುಗಂಧಾಳ ಅಪ್ಪನೇ. ಬೆನ್ನ ಮೇಲೆ ಚೀಲ ಇದ್ದಾಗ ಅವನು ನಡುಮನೆಯವರೆಗೂ ಬರಬಹುದಿತ್ತು. ಚೀಲ ಇಳಿಸಿ ನೀರು ಕೇಳಿದರೆ ಮಾತ್ರ ಹೊರಗೆ ಹೋಗಬೇಕು, ಅಲ್ಲಿ ಅವನಿಗೆಂದೇ ಬೇರೆ ಚರಿಗೆ. ಅದನ್ನು ನೋಡಿದರೆ ನನಗೆ ಆಗಲೇ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ನಾವು ಐದನೆಯ ಇಯತ್ತೆಯಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಸುಗಂಧಾ ಕರೆದಳು.

"ನಮ್ಮ ಪ್ರಾರ್ಥನಿಗಿ ಬಾ, ಗಿರಿಜಾ. ಗೋದಿ ಹುಗ್ಗಿ ಮಾಡ್ತಾರ."

"ಹುಗ್ಗಿ ನಮ್ಮನ್ಯಾಗೂ ಮಾಡ್ತಾರ."

"ನಮ್ಮವ್ವನಂಗ ಮಾಡಂಗಿಲ್ಲ, ಬೇಕಾದ್ರ ಬಂದ್ ನೋಡು."

ಮನೆಯಲ್ಲಿ ಕೇಳಿದೆ. ಅಪ್ಪ ಉತ್ತರಕ್ಕೆಂದು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಹೇಳಿದ, "ಆ ಓಣಿಗಿ ಕಾಲಿಟ್ಟಿ ಅಂದ್ರ ಆ ಹುಡುಗಿ ಜೋಡಿ ಆಡೂದು, ಬಾಜೂಕ ಕುಂಡ್ರೂದು ಎಲ್ಲಾ ಬಂದ್. ಸಾಲಿ ಬದಲ್ ಮಾಡಸ್ತೇನಿ."

ಹೋಗಬೇಡವೆಂದಿದ್ದರೆ ಒಂದು ವೇಳೆ ಸುಮ್ಮನಿರುತ್ತಿದ್ದೆನೋ ಏನೋ. ಸುಗಂಧಾಳನ್ನೇ ಕಿತ್ತುಕೊಳ್ಳುತ್ತೇನೆ ಎಂದ ಮೇಲೆ ನಾನು ಸುಮ್ಮನಿರುವವಳಲ್ಲ. ಹಬ್ಬದ ಬೆಳಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗಡಿಯಿಂದ ಒಂದು ತೆಂಗಿನಕಾಯಿ ಎತ್ತಿಕೊಂಡು ಹೊರಟೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಯಾವ ಗುಡಿಗೆ ಹೋದರೂ ಕಾಯಿ ಒಯ್ಯುತ್ತಿದ್ದಳು. ಯೇಸುವೂ ದೇವರೇ ಅಲ್ಲವೇ, ಅವನಿಗೂ ಕಾಯಿ ಒಡೆಸುತ್ತಾರೆ ಎಂದೇ ನಾನು ತಿಳಿದಿದ್ದೆ.

ಅದು ತಗಡಿನ ಚಪ್ಪರ. ಬಾಗಿಲಿರಲಿಲ್ಲ, ಒಂದು ಹಳೆಯ ಸೀರೆ ಇಳಿಬಿಟ್ಟಿದ್ದರು. ಕೂರಲು ಹಾಸಿದ್ದು ಖಾಲಿ ಗೋಣಿಚೀಲ, ಒಳಗೆಲ್ಲ ತೊಗರಿ ಮತ್ತು ಜೋಳದ ವಾಸನೆ. ಡೋಲಕಿ, ತಾಳ ಹಿಡಿದು ಹಾಡುತ್ತಿದ್ದರು, ಥೇಟ್ ನಮ್ಮ ಮಠದ ಭಜನೆಯ ಧಾಟಿ. ಹಾಡು ಮುಗಿಯುತ್ತಲೇ ನಾನು ಸೀದಾ ಮುಂದೆ ಹೋದೆ. ಮೂರ್ತಿ ಇಲ್ಲ, ಗಂಟೆ ಇಲ್ಲ. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೊಂದು ಕಟ್ಟಿಗೆಯ ಶಿಲುಬೆ.

"ಕಾಯಿ ಎಲ್ಲಿ ಒಡೀಬೇಕ್ರಿ?" ಎಂದು ಪಾಸ್ಟರನ್ನು ಜೋರಾಗಿಯೇ ಕೇಳಿದೆ.

ಯಾರೋ ಕಿಸಕ್ಕೆಂದರು. ಹಿಂದಿನಿಂದ ಒಬ್ಬರು, "ನಮ್ಮಾಗ ಇದೆಲ್ಲಾ ನಡಿಯಂಗಿಲ್ಲ, ಹೊರಗ ಇಟ್ಟ ಬಾ" ಎಂದರು. ಪಾಸ್ಟರ್ ಕಾಯಿಯನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. ಆಗ ಸುಗಂಧಾಳ ಅವ್ವ ಎಸ್ತೇರವ್ವ ಎದ್ದು ಬಂದಳು. ಅಲ್ಲಿಯ ಹೆಂಗಸರೆಲ್ಲ ತಲೆ ಮುಚ್ಚಿಕೊಂಡಿದ್ದರು, ತನ್ನ ಟವೆಲ್ಲನ್ನು ನನ್ನ ತಲೆಗೂ ಹೊದಿಸಿದಳು. ವಿಭೂತಿಗೆ ಕೈ ಹಚ್ಚಲಿಲ್ಲ.

"ಕಾಯಿ ಆಮ್ಯಾಲ ಒಡಿಯೂಣು. ಈಗ ನನ್ನ ಬಾಜೂಕ ಕುಂಡ್ರು ಬಾ, ನನ್ನವ್ವ."

ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಒಬ್ಬೊಬ್ಬರೂ ತಮ್ಮ ತಮ್ಮದನ್ನು ಒಮ್ಮೆಲೇ ಗಟ್ಟಿಯಾಗಿ ಬೇಡತೊಡಗಿದರು. ನಾನು ಕಣ್ಣು ಬಿಟ್ಟುಕೊಂಡೇ ಕೇಳಿಸಿಕೊಂಡೆ. ಒಬ್ಬಳಿಗೆ ಗಂಡ ಕುಡಿಯುವುದು ಬಿಡಬೇಕಿತ್ತು, ಒಬ್ಬನಿಗೆ ಸೊಂಟದ ನೋವು ಹೋಗಬೇಕಿತ್ತು. ಎಸ್ತೇರವ್ವ ಬೇಡುತ್ತಿದ್ದಳು, "ಸುಗಂಧಾನ ಗೆಳತಿ ಬಂದಾಳ ತಂದೆ, ಮನ್ಯಾಗ ಆಕೀನ ಯಾರೂ ಬೈಬಾರ್ದು." ಅಲ್ಲಿಯವರೆಗೆ ದೇವರ ಮುಂದೆ ಯಾರೂ ನನಗಾಗಿ ಹಾಗೆ ಬೇಡಿಕೊಂಡಿರಲಿಲ್ಲ. ಆದರೆ ಆ ಗದ್ದಲದಲ್ಲಿ ಅದೊಂದು ದೇವರಿಗೆ ಕೇಳಿಸಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಎಸ್ತೇರವ್ವ ಒಲೆಯ ಪಕ್ಕದ ಕಲ್ಲಿಗೆ ಕಾಯಿ ಒಡೆದಳು. ನೀರು ನನಗೂ ಸುಗಂಧಾಳಿಗೂ ಕುಡಿಸಿದಳು. ಒಂದು ಹೋಳನ್ನು ತುರಿದು ಹುಗ್ಗಿಗೆ ಹಾಕಿದಳು. ಅಷ್ಟು ಜನರ ಹುಗ್ಗಿಗೆ ಅದು ಎಲ್ಲಿ ಸಾಲಬೇಕು! ಆದರೂ, "ಗಿರಿಜವ್ವನ ಕಾಯಿ ಹುಗ್ಗಿ, ಉಣ್ರಿ" ಎಂದು ಕೂಗಿ ಕೂಗಿ ಬಡಿಸಿದಳು. ಕಿಸಕ್ಕೆಂದವರೂ ಉಂಡರು. ಇನ್ನೊಂದು ಹೋಳನ್ನು ಹೊರಡುವಾಗ ನನ್ನ ಕೈಗಿಟ್ಟಳು.

"ಗುಡಿಗಿ ಹ್ವಾದ್ರ ಅರ್ಧಾ ಕಾಯಿ ತಿರುಗಿ ಮನಿಗಿ ಬರ್ತೈತಲ್ಲ. ನಿನ್ನ ಬರಿಗೈಲೆ ಹ್ಯಾಂಗ ಕಳಸ್ಲಿ?"

ದೊಡ್ಡಪ್ಪ ಕಟ್ಟೆಯ ಮೇಲೇ ಕುಳಿತಿದ್ದ. "ಯಾವ ಗುಡಿ ಕಾಯಿ ಅದು?"

ಹನುಮಪ್ಪನ ಗುಡಿದು ಎಂದಿದ್ದರೆ ಮುಗಿದುಹೋಗುತ್ತಿತ್ತು. "ಎಸ್ತೇರವ್ವನ ಪ್ರಾರ್ಥನೀದು" ಎಂದೆ.

"ತಿಪ್ಪಿಗಿ ಒಗಿ."

"ಒಗಿಯಂಗಿಲ್ಲ. ಅವ್ರು ಹೊತ್ತ ಜ್ವಾಳ ಉಣ್ತೀವಿ, ಅವ್ರು ಒಡದ ಕಾಯಿ ಯಾಕ ಉಣಬಾರ್ದು?"

ಕೆನ್ನೆಗೆ ಬಿತ್ತು. ನಾನು ಹೋಳು ಬಿಡಲಿಲ್ಲ. ಆಗ ಅವ್ವ ಒಳಗಿನಿಂದ ಬಂದಳು. ದೊಡ್ಡಪ್ಪನ ಎದುರು ಎಂದೂ ಬಾಯಿ ಬಿಡದವಳು. ನನ್ನ ಕೈಯಿಂದ ಹೋಳು ತೆಗೆದುಕೊಂಡು ಒಳಗೆ ಹೋದಳು. ಅವಳೇ ಒಗೆಯುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕಾಯಿ ತುರಿಯುವ ಸಪ್ಪಳ ಬಂತು.

ಊಟಕ್ಕೆ ಕುಳಿತಾಗ ಅವ್ವ ಎಲ್ಲರ ತಾಟಿಗೂ ಬಿಸಿ ರೊಟ್ಟಿ, ಚಟ್ನಿ ಹಾಕಿದಳು. ದೊಡ್ಡಪ್ಪನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. "ಭಾವಾರ, ಇದು ಅದ ಕಾಯಿ ಚಟ್ನಿರಿ. ಮನಸಿದ್ರ ಉಣ್ರಿ. ಹುಡುಗಿ ಸಾಲಿ ಮಾತ್ರ ಬದಲ್ ಆಗಂಗಿಲ್ಲ."

ದೊಡ್ಡಪ್ಪ ತಾಟು ಸರಿಸಿ ಎದ್ದು ಹೋದ. ಅಪ್ಪ ತಲೆ ಎತ್ತದೆ ಉಂಡ. ಆಯಿ ಮಾತ್ರ ಎರಡನೆಯ ಸಲ ಹಾಕಿಸಿಕೊಂಡು, "ಉಪ್ಪು ಕಮ್ಮಿ ಆಗೇತಿ" ಎಂದಳು. ಮರುದಿನ ಸಾಲೆಯಲ್ಲಿ ನಾನು ಸುಗಂಧಾಳ ಪಕ್ಕದಲ್ಲೇ ಕುಳಿತೆ.

ಈಗ ಮಿಲ್ಲು ಮುಚ್ಚಿದೆ, ಅರಳೆ ಹಾರುವುದಿಲ್ಲ. ಸುಗಂಧಾ ಬಸವನ ಬಾಗೇವಾಡಿಯಲ್ಲಿ ನರ್ಸು, ನಾನು ಹೂವಿನ ಹಿಪ್ಪರಗಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ತಗಡಿನ ಚಪ್ಪರದ ಜಾಗದಲ್ಲಿ ಗೋಡೆ ಎದ್ದಿದೆ, ಮೇಲೆ ಸ್ಲ್ಯಾಬು ಕೂತಿದೆ, ಸೀರೆಯ ಪರದೆ ಹೋಗಿ ಕಬ್ಬಿಣದ ಬಾಗಿಲು ಬಂದಿದೆ. ಒಂದೆರಡು ಸಲ ಯಾರೋ ಬಂದು, ಮತಾಂತರ ಮಾಡುತ್ತೀರೆಂದು ಗದರಿ, ಒಳಗಿದ್ದವರ ಹೆಸರು ಕೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದರಂತೆ. ಅಂದಿನಿಂದ ಬಾಗಿಲು ಹಾಕಿಯೇ ಹಾಡುತ್ತಾರೆ, ಅದೂ ಮೆಲ್ಲಗೆ. ನಮ್ಮ ಓಣಿಯವರೆಗೂ ಕೇಳುತ್ತಿದ್ದ ಡೋಲಕಿ ಈಗ ಪಕ್ಕದ ಮನೆಗೂ ಕೇಳುವುದಿಲ್ಲ.

ಹೋದ ಕ್ರಿಸ್‌ಮಸ್ಸಿಗೆ ನಾನು ಕಾಯಿ ಹಿಡಿದುಕೊಂಡು ಹೋದೆ. ಹಬ್ಬಕ್ಕೆಂದು ಊರಿಗೆ ಬಂದಿದ್ದ ಸುಗಂಧಾ ಬಾಗಿಲು ಹಾಕಲು ಎದ್ದಳು. ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

"ಏಳ ಗಿರಿಜಾ, ಬಾಗಲಾ ಹಾಕೂಣು."

"ಹಾಕೂದಿದ್ರ ನನ್ನ ಮ್ಯಾಲ ಹಾಕು."

ಅವಳು ತಿರುಗಿ ಅವ್ವನನ್ನು ನೋಡಿದಳು. ಎಸ್ತೇರವ್ವನ ಹಲ್ಲು ಬಿದ್ದಿವೆ, ಕಣ್ಣು ಮಂಜಾಗಿವೆ. ಅವಳು ದನಿ ಬಂದ ಕಡೆ ಮುಖ ಮಾಡಿ, "ಬಿಡ, ಗಾಳಿ ಬರ್ಲಿ" ಎಂದಳು. ಆಮೇಲೆ ಆ ಹಳೆಯ ಗಟ್ಟಿ ದನಿಯಲ್ಲೇ ಹಾಡು ಎತ್ತಿದಳು.

ರಸ್ತೆಯಲ್ಲಿ ಹೋಗುತ್ತಿದ್ದ ಒಂದಿಬ್ಬರು ನಿಂತು ನೋಡಿದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ, ಕಾಯಿಯನ್ನು ಅವರಿಗೆ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಳಿತೆ.