ಮೊಳೆಗೆ ತೂಗಿದ ಕಚ್ಚಿದ ರೊಟ್ಟಿ

ಕೊಕಂದ್ ಪಟ್ಟಣದ ಹಳೇ ಕೇರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಣಗಿದ ಹತ್ತಿಕಡ್ಡಿ ಉರಿದು ಕೆಂಡವಾದ ತಂದೂರಿನೊಳಗೆ ಸನೋಬರ್ ಓಪಾ ತಲೆ, ಭುಜ ಎಲ್ಲ ತೂರಿಸಿ ರೊಟ್ಟಿ ಅಂಟಿಸುತ್ತಿದ್ದಾರೆ. ಮೊಣಕೈವರೆಗೆ ದಪ್ಪನೆಯ ಕೈಗವಸು, ಹುಬ್ಬಿನ ತುಂಬ ಹಿಟ್ಟು. ಹೊಗೆ ಹಿಪ್ಪುನೇರಳೆ ಮರದ ಕೊಂಬೆಗಳ ನಡುವೆ ಆತುರವಿಲ್ಲದೆ ಏರುತ್ತದೆ.

"ಒಳಗೆ ರೊಟ್ಟಿಗಳು ನಕ್ಷತ್ರದಂಗೆ ಕಾಣ್ತವೆ," ಎನ್ನುತ್ತಾರೆ. "ಮೂವತ್ತೆಂಟು ವರ್ಷ ಆಯ್ತು, ಈಗ್ಲೂ ನೋಡ್ತಾ ನಿಂತುಬಿಡ್ತೀನಿ. ಹುಬ್ಬು ಚುರ್ ಅಂದಾಗ್ಲೇ ಎಚ್ಚರ ಆಗೋದು."

ಅವರಿಗೀಗ ಅರವತ್ತೊಂದು. ಕೇರಿಗೆಲ್ಲ ಅವರು ಓಪಾ, ಅಂದರೆ ಅಕ್ಕ. ಗಂಡ ತೀರಿಕೊಂಡ ವರ್ಷ ಒಂದು ತಂದೂರಿನಿಂದ ಶುರುಮಾಡಿದವರಿಗೆ ಈಗ ಎರಡು ತಂದೂರು, ನಾಲ್ವರು ಹೆಂಗಸರು, ದಿನಕ್ಕೆ ಆರುನೂರು ರೊಟ್ಟಿ. ಪ್ರತಿ ರೊಟ್ಟಿಯ ನಡುವೆ ಅವರ ಮುಳ್ಳಚ್ಚಿನ ಗುರುತು. ಇಲ್ಲಿ ಕೆಲಸ ಕಲಿತವಳು ಎಷ್ಟೇ ಗಟ್ಟಿಗಿತ್ತಿಯಾಗಿರಲಿ, ಕಲಿಸಿದವರು ಅಂಗೈ ಎತ್ತಿ ಹರಸಿ, ಕೈಗೆ ಹೊಸ ಅಚ್ಚು ಕೊಡುವವರೆಗೆ ಸ್ವಂತ ಅಂಗಡಿ ತೆರೆಯುವಂತಿಲ್ಲ.

ಹನ್ನೊಂದು ವರ್ಷದಿಂದ ಜೊತೆಗೆ ದುಡಿಯುತ್ತಿರುವ ಜುಮ್ರದ್ ಎರಡು ಓಣಿ ಆಚೆ ತಂದೂರು ಕಟ್ಟಿ ಮುಗಿಸಿದ್ದಾಳೆ. ಬಾಯಿಬಿಟ್ಟು ಏನೂ ಕೇಳಿಲ್ಲ. ಒಂದು ವಾರದಿಂದ ಓಪಾ ಎದುರು ಬಂದಾಗಲೆಲ್ಲ ನಾದಿದ ಹಿಟ್ಟನ್ನೇ ಮತ್ತೆ ನಾದುತ್ತಾಳೆ.

ಹತ್ತಿಕಡ್ಡಿ ತರುವ ಎರ್ಗಶ್ ಓಪಾರ ಸ್ವಂತ ತಮ್ಮ. ಓಪಾ ಅವಳನ್ನು ಹರಸಲು ಹೊರಟಿರುವುದು ಅವನಿಗೆ ಸುತರಾಂ ಒಪ್ಪಿಗೆಯಿಲ್ಲ.

"ಓಪಾ, ತಲೆ ನೆಟ್ಟಗಿದೆಯಾ? ನಿನ್ನ ಅರ್ಧ ಗಿರಾಕಿಗಳು ಅವಳ ಬಾಗಿಲಿಗೆ ಹೋಗ್ತಾರೆ. ಇನ್ನೊಂದು ವರ್ಷ ಅಂತ ತಳ್ಳು."

"ಹಂಗೆ ತಳ್ಳಿದ್ದಕ್ಕೆ ಏನಾಯ್ತು ಅಂತ ಅಲ್ಲಿ ನೋಡು," ಎಂದು ಓಪಾ ಗೋಡೆಯತ್ತ ಕೈ ತೋರಿಸುತ್ತಾರೆ. "ನೀನು ಕಡ್ಡಿ ಇಳಿಸು. ನಿಂಗೂ ಒಂದು ಮನೆ ವ್ಯಾಪಾರ ಹೆಚ್ಚಾಯ್ತಲ್ಲ, ಇನ್ನೇನು ಗೋಳು?"

ಗೋಡೆಯ ಮೊಳೆಗೆ ಒಂದು ರೊಟ್ಟಿ ತೂಗುತ್ತಿದೆ. ಅಂಚಿನಲ್ಲಿ ಒಂದೇ ಒಂದು ಕಚ್ಚಿದ ಗುರುತು. ದೂರದೂರಿಗೆ ಹೊರಟವರು ಹೀಗೆ ಒಂದು ತುತ್ತು ಕಚ್ಚಿ ಹೋಗುತ್ತಾರೆ. ಮರಳಿ ಬಂದು ಉಳಿದದ್ದನ್ನು ಅವರೇ ತಿನ್ನಬೇಕು. ಇದು ಹುಲ್ಕರ್ ಕಚ್ಚಿದ್ದು. ಈ ಅಂಗಳದಲ್ಲಿ ಕಲಿತವರಲ್ಲಿ ಅವಳಷ್ಟು ಚುರುಕು ಕೈ ಮತ್ತೊಂದಿರಲಿಲ್ಲ. ಹರಸಿ ಅಚ್ಚು ಕೊಡಿ ಎಂದು ಅವಳು ಮೂರು ಸಲ ಕೇಳಿದಳು, ಮೂರು ಸಲವೂ ಓಪಾ 'ಮುಂದಿನ ವರ್ಷ' ಎಂದರು. ನಾಲ್ಕನೇ ಸಲ ಅವಳು ಕೇಳಲಿಲ್ಲ, ರಷ್ಯಾದ ಬಸ್ಸು ಹತ್ತಿದಳು. ಒಂಬತ್ತು ವರ್ಷವಾಯಿತು, ಅಲ್ಲಿ ಯಾರದೋ ಕಚೇರಿಯ ನೆಲ ಒರೆಸುತ್ತಾಳೆ.

"ಅವಳ ಕೈ ಇನ್ನೂ ಎಳೇದು ಅಂತ ಊರಿಗೆಲ್ಲ ಹೇಳಿದ್ದೆ. ಸುಳ್ಳು. ನಂಗೆ ಹೆದರಿಕೆ," ಎಂದು ಓಪಾ ಕೈಗವಸು ಕಳಚುತ್ತಾರೆ. "ನನ್ನ ತಂದೂರು ಉಳೀತು. ಅವಳದು ಹುಟ್ಟಲೇ ಇಲ್ಲ. ಅದನ್ನ ನಾನು ಹೆಂಗೆ ಗಳಿಕೆ ಅನ್ಲಿ?"

ಬೆಳಗಿನ ರೊಟ್ಟಿ ಖರ್ಚಾದ ಮೇಲೆ ಓಪಾ ಜುಮ್ರದ್‌ಳನ್ನು ಕರೆದು ಕೂರಿಸುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಹೊಸ ಅಚ್ಚನ್ನು ಅವಳ ಮಡಿಲಿಗಿಟ್ಟು, ಎರಡೂ ಅಂಗೈ ಎತ್ತಿ ಹರಸುತ್ತಾರೆ.

"ನನ್ನ ಗಿರಾಕಿ ಬಂದ್ರೆ ವಾಪಸ್ ಕಳಿಸಬೇಡ. ಉಪ್ಪಲ್ಲಿ ಮಾತ್ರ ಜುಗ್ಗತನ ಮಾಡಬೇಡ ಕಣೇ."

"ಓಪಾ, ನಿಮ್ಮ ಅಂಗಡಿ..." ಎನ್ನುವಷ್ಟರಲ್ಲಿ ಜುಮ್ರದ್‌ಗೆ ಅಳು ಬಂದುಬಿಡುತ್ತದೆ.

"ಅಳ್ಬೇಡ, ಹಿಟ್ಟು ಒದ್ದೆ ಆಗ್ತದೆ."

ಎರ್ಗಶ್ ಹೇಳಿದ್ದು ಸುಳ್ಳಾಗಲಿಲ್ಲ. ತಿಂಗಳೊಳಗೆ ಆರುನೂರು ರೊಟ್ಟಿ ಮುನ್ನೂರಕ್ಕೆ ಇಳಿದಿದೆ, ಎರಡನೇ ತಂದೂರು ತಣ್ಣಗಿದೆ. ಬೇಸರವಿಲ್ಲ ಎಂದು ಓಪಾ ಹೇಳುವುದಿಲ್ಲ, ಇದೆ. ಆದರೂ ಬೆಳಗಾದರೆ ಏಣಿ ಹತ್ತಿ ಮಾಳಿಗೆಗೆ ಹೋಗಿ, ಎರಡು ಓಣಿ ಆಚೆ ಏಳುವ ಹೊಗೆಯನ್ನು ಕನಸು ಕಂಡವರ ಹಾಗೆ ನೋಡುತ್ತಾ ಕೂರುತ್ತಾರೆ. ಕೆಳಗೆ ಚಹಾ ಆರಿಹೋಗುತ್ತದೆ.

ಉರಿಯಿಲ್ಲದ ತಂದೂರನ್ನು ಮಾತ್ರ ದಿನವೂ ಗುಡಿಸಿ, ರೊಟ್ಟಿ ಬೇಯಿಸುವ ಮುಂಚೆ ಮಾಡುವಂತೆ ಒಳಗೋಡೆಗೆ ಉಪ್ಪುನೀರು ಚಿಮುಕಿಸುತ್ತಾರೆ. ಅದರ ಬಾಯಿಯ ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಅಚ್ಚಿದೆ. ಅದು ಯಾರಿಗೆಂದು ಕೇಳಿದರೆ ಓಪಾ ಮೊಳೆಯತ್ತ ನೋಡುತ್ತಾರೆ.

"ಆ ರೊಟ್ಟಿ ಕಲ್ಲಾಗಿದೆ. ಆಗ್ಲಿ, ಚಹಾದಲ್ಲಿ ನೆನೆಸಿ ಕೊಡ್ತೀನಿ. ಅವಳು ಒಂದ್ಸಲ ಬಂದು ತಿಂದು ಮುಗಿಸಿದ್ರೆ ಸಾಕು."